ಚಾರಣ ಪ್ರಶ್ನೋತ್ತರ: ಕವಾಯಿಯ ಕೆಂಪು ಕಮರಿ, ಹಸಿರು ಕಡಲಂಚು

ಹವಾಯಿ ದ್ವೀಪಗಳಲ್ಲಿ ಒಂದಾದ ಕವಾಯಿಯಲ್ಲಿ ನಡೆಯಲು ಹೊರಟವರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಅಮೆರಿಕದ ಪಶ್ಚಿಮ ತೀರದ ಕನ್ನಡಿಗರಿಗೆ ಅದು ಐದಾರು ಗಂಟೆಯ ವಿಮಾನದ ಹಾದಿ. ಊರಿನಿಂದ ಮಗ-ಸೊಸೆಯ ಮನೆಗೆ, ಮಗಳು-ಅಳಿಯನ ಮನೆಗೆ ಹೋದ ಹಿರಿಯರೂ ಜೊತೆಗೂಡುವುದುಂಟು. ಅಲ್ಲಿನ ಫಲಕಗಳೆಲ್ಲ ಮೈಲಿ, ಅಡಿಗಳಲ್ಲಿವೆ. ಇಲ್ಲಿ ಕಿಲೋಮೀಟರು, ಮೀಟರಿಗೆ ತಂದಿದ್ದೇವೆ. ಶುಲ್ಕ ಮತ್ತು ನಿಯಮ ಬದಲಾಗುತ್ತಿರುತ್ತವೆ, ದಾರಿಗಳು ಮಳೆಗೆ ಕುಸಿದು ಮುಚ್ಚುವುದೂ ಇದೆ. ಟಿಕೆಟ್ ಕೊಳ್ಳುವ ಮೊದಲು ಹವಾಯಿ ರಾಜ್ಯ ಉದ್ಯಾನಗಳ ಜಾಲತಾಣವನ್ನು ಒಮ್ಮೆ ನೋಡಿ.

ಪ್ರಶ್ನೆ: ನಕ್ಷೆಯಲ್ಲಿ ಕಲಲಾವ್ ನೋಟತಾಣಕ್ಕೂ ಕಲಲಾವ್ ಕಡಲತೀರಕ್ಕೂ ಮೂರ್ನಾಲ್ಕು ಕಿ.ಮೀ. ಅಷ್ಟೇ ಕಾಣುತ್ತದೆ. ಬೆಳಿಗ್ಗೆ ಕಾರು ನಿಲ್ಲಿಸಿ ಇಳಿದು, ಸಂಜೆಗೆ ಹತ್ತಿ ಬರಬಹುದಲ್ಲ?
— ಓದುಗರು, ದಾವಣಗೆರೆ

ಬರಲಾಗದು. ಇಳಿಯುವ ದಾರಿಯೇ ಇಲ್ಲ. ನೋಟತಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ, ಕಟ್ಟೆಯ ಆಚೆಗೆ ನೇರ ಪ್ರಪಾತ. ಹಸಿರು ಹೊದ್ದ ಕಾರಣ ಇಳಿಜಾರು ಮೆತ್ತಗೆ ಕಾಣುತ್ತದೆ. ಆ ಹಸಿರಿನ ಕೆಳಗಿರುವುದು ಲಕ್ಷಾಂತರ ವರ್ಷ ಮಳೆ ತಿಂದು ಪುಡಿಯಾದ ಲಾವಾ ಕಲ್ಲು. ಹಿಡಿದರೆ ಕೈಗೇ ಬರುತ್ತದೆ.

ಇದೇ ಹೆಸರು ಮೂರು ಕಡೆ ಇರುವುದರಿಂದ ಗೊಂದಲ. ಕಲಲಾವ್ ನೋಟತಾಣ ಮೇಲೆ, ಕೋಕೇಎ ಉದ್ಯಾನದಲ್ಲಿ, ಕಾರು ಹೋಗುವ ಜಾಗ. ಕಲಲಾವ್ ಕಡಲತೀರ ಅದರ ಕೆಳಗೆ. ಕಲಲಾವ್ ಚಾರಣದಾರಿ ಶುರುವಾಗುವುದು ದ್ವೀಪದ ಇನ್ನೊಂದು ಮಗ್ಗುಲಲ್ಲಿ, ಹಾಎನ ಉದ್ಯಾನದ ಕೇಎ ಕಡಲತೀರದಿಂದ. ನೋಟತಾಣದಿಂದ ಕೇಎಗೆ ಹಕ್ಕಿ ಹಾರುವ ದೂರ ಹತ್ತು ಕಿ.ಮೀ. ಆಸುಪಾಸು. ರಸ್ತೆಯಲ್ಲಿ ಸುಮಾರು 130 ಕಿ.ಮೀ., ಎರಡೂವರೆ ಮೂರು ಗಂಟೆ. ನಾ ಪಾಲಿ ಎಂಬ ಆ ವಾಯವ್ಯದ ಗೋಡೆ ಅಡ್ಡ ನಿಂತಿರುವುದರಿಂದ ದ್ವೀಪವನ್ನು ಸುತ್ತುವ ರಸ್ತೆಯೇ ಇಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ಬಂದ ದಾರಿಯಲ್ಲೇ ವಾಪಸ್. ಆದ್ದರಿಂದ ನೋಟತಾಣದ ರಸ್ತೆಯಲ್ಲೇ ಸಿಗುವ ವೈಮೇಯ ಕಮರಿಗೊಂದು ದಿನ, ಕಡಲಂಚಿಗೊಂದು ದಿನ. ಎರಡನ್ನೂ ಒಂದೇ ದಿನಕ್ಕೆ ತುರುಕಿದವರು ಕಾರಿನ ಕಿಟಕಿಯಿಂದಲೇ ಎರಡನ್ನೂ ನೋಡಿ ಬರುತ್ತಾರೆ.

ಪ್ರಶ್ನೆ: ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಅಮ್ಮನಿಗೆ ಮೊಣಕಾಲು ನೋವು. ಹತ್ತು ವರ್ಷದ ಮಗಳೂ ಇದ್ದಾಳೆ. ಮೂರು ದಿನದಲ್ಲಿ ಯಾರಿಗೂ ಬೇಸರವಾಗದಂತೆ ಏನು ನೋಡಬಹುದು?
— ಓದುಗರು, ಸನಿವೇಲ್

ಒಂದು ದಿನ ವೈಮೇಯ ಕಮರಿಗೆ ಇಡಿ. ಸುಮಾರು 16 ಕಿ.ಮೀ. ಉದ್ದ, 900 ಮೀಟರಿಗೂ ಮಿಕ್ಕಿ ಆಳ. ರಸ್ತೆ ಕಮರಿಯ ಪಶ್ಚಿಮದ ಅಂಚಿನಲ್ಲಿ ಏರುತ್ತದೆ, ನೋಟತಾಣಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಇದನ್ನು ಗಮನಿಸದೆ ಬಹಳ ಜನ ಬೆಳಿಗ್ಗೆ ಕಮರಿಯನ್ನೇ ಮೊದಲು ನೋಡುತ್ತಾರೆ; ಸೂರ್ಯ ಎದುರಿಗಿದ್ದು ಕೆಂಪು ಗೋಡೆಗಳು ಮಸುಕಾಗಿ ಕಾಣುತ್ತವೆ. ಮೇಲಿನ ಕಲಲಾವ್ ನೋಟತಾಣಕ್ಕೆ ಹೋಗುವ ಹೊತ್ತಿಗೆ ಅಲ್ಲಿ ಮೋಡ ತುಂಬಿ ಬಿಳಿ ಗೋಡೆಯೊಂದೇ ಉಳಿದಿರುತ್ತದೆ. ಕ್ರಮವನ್ನು ತಿರುಗಿಸಿ. ಬೆಳಿಗ್ಗೆ ಬೇಗ ಹೊರಟು ಎಲ್ಲೂ ನಿಲ್ಲದೆ ರಸ್ತೆಯ ಕೊನೆಗೆ, ಪುಉ ಓ ಕಿಲ ಮತ್ತು ಕಲಲಾವ್ ನೋಟತಾಣಗಳಿಗೆ ಹೋಗಿ. ಮಧ್ಯಾಹ್ನ ಇಳಿಯುತ್ತಾ ಕಮರಿ ನೋಡಿ. ಆಗ ಬಿಸಿಲು ನಿಮ್ಮ ಬೆನ್ನಿಗಿದ್ದು ಗೋಡೆಗಳ ಮೇಲೆ ಬೀಳುತ್ತದೆ. ಕಲಲಾವ್‌ನಲ್ಲಿ ಮೋಡ ಕವಿದಿದ್ದರೆ ಕಾಲು ಗಂಟೆ, ಅರ್ಧ ಗಂಟೆ ಕಾಯಿರಿ. ಗಾಳಿ ಬಂದಾಗ ಪರದೆ ಸರಿದ ಹಾಗೆ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ.

ಹಿರಿಯರಿಗೆ ಸ್ವೆಟರ್ ಇರಲಿ. ತೀರದಲ್ಲಿ ಬೆವರುತ್ತಿದ್ದವರಿಗೆ ಮೇಲೆ ಎಂಟು ಹತ್ತು ಡಿಗ್ರಿ ಕಡಿಮೆ. ಪೆಟ್ರೋಲ್ ಕೆಳಗೆ ವೈಮೇಯ ಅಥವಾ ಕೇಕಹ ಊರಲ್ಲೇ ತುಂಬಿಸಿ, ಮೇಲೆ ಬಂಕ್ ಇಲ್ಲ. ಹವಾಯಿಯ ಹೊರಗಿನವರಿಗೆ ತಲೆಗೆ 5 ಡಾಲರ್, ಕಾರಿಗೆ 10 ಡಾಲರ್ ಶುಲ್ಕ. ನೋಟತಾಣದ ಯಂತ್ರದಲ್ಲಿ ಕಟ್ಟಿದ ಚೀಟಿ ಆ ದಿನ ವೈಮೇಯ, ಕೋಕೇಎ ಎರಡಕ್ಕೂ ನಡೆಯುತ್ತದೆ, ಗಾಜಿನ ಹಿಂದೆ ಕಾಣುವಂತಿಡಿ. ಬೆಲೆಬಾಳುವುದನ್ನು ಕಾರಿನಲ್ಲಿ ಬಿಡಬೇಡಿ.

ಮಗಳಿಗೆ ಮತ್ತು ನಿಮಗೆ ವೈಪೋ ಜಲಪಾತದ ಕಮರಿದಾರಿ ಸರಿಹೋಗುತ್ತದೆ. ಹೋಗಿ ಬರಲು ಸುಮಾರು 6 ಕಿ.ಮೀ., ಮಕ್ಕಳಿದ್ದರೆ ಮೂರು ಗಂಟೆ. ಒಂದು ವಿಷಯ ಮೊದಲೇ ತಿಳಿದಿರಲಿ: ಈ ದಾರಿ ಹೋಗುವುದು ಜಲಪಾತದ ನೆತ್ತಿಗೆ. ಅಲ್ಲಿಂದ ಧುಮುಕುವ ನೀರು ಕಾಣುವುದಿಲ್ಲ, ಮೇಲಿನ ಚಿಕ್ಕ ಝರಿ ಮತ್ತು ಗುಂಡಿ ಮಾತ್ರ. 240 ಮೀಟರ್ ಎತ್ತರದ ಆ ಜಲಪಾತವನ್ನು ಇಡಿಯಾಗಿ ನೋಡಬೇಕಾದದ್ದು ರಸ್ತೆಯ ನೋಟತಾಣಗಳಿಂದ. ಅಂದರೆ ಅಮ್ಮ ಕಾರಿನ ಪಕ್ಕ ನಿಂತೇ ನಿಮಗಿಂತ ಚೆನ್ನಾಗಿ ನೋಡುತ್ತಾರೆ. ಜಲಪಾತಕ್ಕೆ ಸ್ವಲ್ಪ ಮೊದಲು ಕೆಂಪು ಮಣ್ಣಿನ ಬೋಳು ದಿಬ್ಬವೊಂದು ಸಿಗುತ್ತದೆ. ಗಾಳಿಯ ಹೊಡೆತ ಜೋರು, ಅಂಚು ಉದುರುವಂಥದ್ದು. ಅಲ್ಲಿ ಮಗುವಿನ ಕೈ ಬಿಡಬೇಡಿ.

ಎರಡನೆಯ ದಿನ ದಕ್ಷಿಣದ ಪೋಯಿಪು ಕಡೆಯ ಮಾಹಾಉಲೇಪು ದಾರಿ. ಹೋಗಿ ಬರಲು 6 ಕಿ.ಮೀ. ಚಿಲ್ಲರೆ, ಬಹುಪಾಲು ಸಮತಟ್ಟು. ಪ್ರಾಚೀನ ಮರಳದಿಬ್ಬಗಳು ಗಟ್ಟಿಯಾಗಿ ಸುಣ್ಣದ ಕಲ್ಲಾದ ಬಂಡೆಗಳ ಮೇಲೆ ನಡೆಯುತ್ತೀರಿ, ಕೆಳಗೆ ಅಲೆ. ಅಮ್ಮನಿಗೆ ಸಾಕೆನಿಸಿದ ಕಡೆ ತಿರುಗಬಹುದು, ಮೊದಲ ಒಂದು ಕಿ.ಮೀ. ನೋಟವೇ ತೃಪ್ತಿ ಕೊಡುತ್ತದೆ. ನೆರಳಿಲ್ಲ, ಟೋಪಿ ಕಡ್ಡಾಯ. ಮರಳಿನ ಮೇಲೆ ಮಾಂಕ್ ಸೀಲ್ ಮಲಗಿದ್ದರೆ 15 ಮೀಟರ್ ದೂರ, ಕಡಲಾಮೆಗೆ 3 ಮೀಟರ್ ದೂರ ಬಿಡಿ. ಸೀಲ್ ಸತ್ತ ಹಾಗೆ ಬಿದ್ದಿರುತ್ತದೆ, ನಿದ್ದೆ ಮಾಡುತ್ತಿರುತ್ತದೆ ಅಷ್ಟೆ. ಎಬ್ಬಿಸುವುದು ಕಾನೂನಿನ ಪ್ರಕಾರ ಅಪರಾಧ.

ಮೂರನೆಯ ದಿನಕ್ಕೆ ಹಾಎನದ ಕೇಎ ಕಡಲತೀರ. ಅದಕ್ಕೆ ಮೊದಲೇ ಕಾದಿರಿಸಬೇಕು. ವಿವರ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಹಾಎನ ಪ್ರವೇಶ, ಕಲಲಾವ್ ಪರವಾನಗಿ, ವಾಹನ ನಿಲುಗಡೆ, ಬಸ್ಸು... ಜಾಲತಾಣದಲ್ಲಿ ಎಷ್ಟು ಓದಿದರೂ ಯಾವುದಕ್ಕೆ ಯಾವುದು ಬೇಕೆಂದು ತಿಳಿಯುತ್ತಿಲ್ಲ. ಬೆಂಗಳೂರಿನಿಂದ ಕಾದಿರಿಸಲು ಆಗುತ್ತದೆಯೇ?
— ಓದುಗರು, ಜಯನಗರ, ಬೆಂಗಳೂರು

ಆಗುತ್ತದೆ. ಅಷ್ಟೇ ಏಕೆ, ಕ್ಯಾಲಿಫೋರ್ನಿಯದಲ್ಲಿ ಇರುವವರಿಗಿಂತ ನಿಮಗೇ ಅನುಕೂಲ. ಹೊಸ ದಿನದ ಟಿಕೆಟ್ಟು ತೆರೆಯುವುದು ಹವಾಯಿಯ ಮಧ್ಯರಾತ್ರಿ 12ಕ್ಕೆ. ಆಗ ನಮ್ಮಲ್ಲಿ ಅದೇ ತಾರೀಖಿನ ಮಧ್ಯಾಹ್ನ 3.30. ಕ್ಯಾಲಿಫೋರ್ನಿಯದವರು ಬೇಸಿಗೆಯಲ್ಲಿ ಬೆಳಗಿನ ಜಾವ ಮೂರಕ್ಕೆ, ಚಳಿಗಾಲದಲ್ಲಿ ಎರಡಕ್ಕೆ ಏಳಬೇಕು. ನೆಂಟರಿಗಾಗಿ ಊರಿನವರು ಕಾದಿರಿಸಿಕೊಡಬಹುದು, ಆದರೆ ಹೆಸರು ನಡೆಯುವವರದ್ದೇ ಇರಲಿ. ಗುರುತಿನ ಚೀಟಿ ಕೇಳುತ್ತಾರೆ.

ಯಾವುದಕ್ಕೆ ಯಾವುದು ಎಂಬುದನ್ನು ದೂರದಿಂದ ಲೆಕ್ಕ ಹಾಕಿ. ಕೇಎಯಿಂದ ಹನಕಾಪಿಯಾಯಿ ತೀರಕ್ಕೆ 3.2 ಕಿ.ಮೀ. ಅಲ್ಲಿಂದ ಒಳನಾಡಿಗೆ ಇನ್ನೂ 3.2 ಕಿ.ಮೀ. ಹೋದರೆ ಹನಕಾಪಿಯಾಯಿ ಜಲಪಾತ. ಇಷ್ಟಕ್ಕೆ ಹಾಎನದ ದಿನದ ಪ್ರವೇಶ ಸಾಕು. 30 ದಿನ ಮುಂಚೆ ತೆರೆಯುತ್ತದೆ, ಹೊರಗಿನವರಿಗೆ ತಲೆಗೆ 5 ಡಾಲರ್. ಹನಕಾಪಿಯಾಯಿ ಕಣಿವೆ ದಾಟಿ ಕಲಲಾವ್ ಕಡೆಗೆ ಒಂದು ಹೆಜ್ಜೆ ಇಟ್ಟರೂ, ಅದೇ ದಿನ ವಾಪಸಾಗುವವರಾದರೂ, ನಾ ಪಾಲಿಯ ತಂಗುವ ಪರವಾನಗಿ ಬೇಕು. ಅದು 90 ದಿನ ಮುಂಚೆ ತೆರೆಯುತ್ತದೆ, ಹೊರಗಿನವರಿಗೆ ಒಬ್ಬರಿಗೆ ಒಂದು ರಾತ್ರಿಗೆ 35 ಡಾಲರ್, ಹೆಚ್ಚೆಂದರೆ ಐದು ರಾತ್ರಿ. ಬೇಸಿಗೆಯ ತಿಂಗಳುಗಳದ್ದು ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಪರವಾನಗಿಯಲ್ಲಿ ಹಾಎನ ಪ್ರವೇಶ ಸೇರಿದೆ, ಕಾರು ನಿಲ್ಲಿಸುವ ಹಕ್ಕು ಸೇರಿಲ್ಲ. ಎಡವುವುದು ಇಲ್ಲೇ. ಪರವಾನಗಿ ಸಿಕ್ಕ ಖುಷಿಯಲ್ಲಿ ಮಲಗಿ, ತಡವಾಗಿ ನೋಡಿದರೆ ರಾತ್ರಿಯ ನಿಲುಗಡೆ ಖಾಲಿ ಇರುವುದಿಲ್ಲ. ಆಗ ಉಳಿಯುವುದು ಹನಲೇಯಿ ಕಡೆಯಿಂದ ಹೊರಡುವ ಬಸ್ಸು, ಅದಕ್ಕೂ ಕಾದಿರಿಸಬೇಕು. ದಿನದ ನಿಲುಗಡೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಹೊತ್ತುಗಳಾಗಿ ಹಂಚಿದ್ದಾರೆ, ಒಂದಕ್ಕೆ 10 ಡಾಲರ್. ಜಲಪಾತಕ್ಕೆ ಹೋಗಿ ಬರಲು ಆರರಿಂದ ಎಂಟು ಗಂಟೆ ಹಿಡಿಯುವುದರಿಂದ ಒಂದು ಹೊತ್ತು ಸಾಲದು, ಬೆಳಿಗ್ಗೆಯದನ್ನೂ ಮಧ್ಯಾಹ್ನದದ್ದನ್ನೂ ಸೇರಿಸಿ ಕೊಳ್ಳಿ. ನಮ್ಮ ಮಾತು ಕೇಳುವುದಾದರೆ ಬಸ್ಸೇ ನೆಮ್ಮದಿ. ಟಿಕೆಟ್ಟಿನಲ್ಲೇ ಪ್ರವೇಶವೂ ಸೇರಿರುತ್ತದೆ, ಕೊನೆಯ ಬಸ್ಸಿನ ಹೊತ್ತೊಂದು ನೆನಪಿದ್ದರೆ ಆಯಿತು. ಕಾರಿನಲ್ಲೇ ಹೋಗುವವರಿಗೆ ಇನ್ನೊಂದು: ದಾರಿಯಲ್ಲಿ ಒಂದೇ ಕಾರು ಹಿಡಿಸುವ ಸೇತುವೆಗಳಿವೆ. ಈ ಕಡೆಯಿಂದ ಐದರಿಂದ ಏಳು ಕಾರು ದಾಟಿದ ಮೇಲೆ ನಿಂತು ಆ ಕಡೆಯವರಿಗೆ ಬಿಡುವುದು ಅಲ್ಲಿನ ಪದ್ಧತಿ. ಹಾರ್ನ್ ಬೇಡ.

ಇಷ್ಟೊಂದು ಕಟ್ಟುಪಾಡಿಗೆ ಕಾರಣವಿದೆ. 2018ರ ಏಪ್ರಿಲ್ 14-15ರಂದು ಹನಲೇಯಿ ಹತ್ತಿರದ ವೈಪದಲ್ಲಿ 24 ಗಂಟೆಯಲ್ಲಿ 1,262 ಮಿ.ಮೀ. ಮಳೆ ಸುರಿಯಿತು. ಅಮೆರಿಕದ ಮಟ್ಟಿಗೆ ಅದು ದಾಖಲೆ. ನಮ್ಮ ಆಗುಂಬೆಯ ಇಡೀ ವರ್ಷದ ಮಳೆಯ ಆರನೆಯ ಒಂದು ಪಾಲು ಒಂದೇ ದಿನ ಬಿದ್ದಂತೆ. ರಸ್ತೆ ಕುಸಿದು ಹಾಎನ ಒಂದು ವರ್ಷಕ್ಕೂ ಹೆಚ್ಚು ಮುಚ್ಚಿತ್ತು. 2019ರ ಜೂನ್‌ನಲ್ಲಿ ತೆರೆದಾಗ ದಿನಕ್ಕೆ 900 ಜನ ಎಂಬ ಮಿತಿ ಬಂತು. ಅದಕ್ಕೆ ಮೊದಲು ಇದರ ಎರಡು ಮೂರು ಪಟ್ಟು ಜನ ಮುಗಿಬೀಳುತ್ತಿದ್ದ ಜಾಗ ಅದು.

ಪ್ರಶ್ನೆ: ಕುಮಾರಪರ್ವತ, ಕುದುರೆಮುಖ ಎರಡನ್ನೂ ಹತ್ತಿದ್ದೇವೆ. ವೈಮೇಯ, ಕೋಕೇಎ ಕಡೆಯ ಚಾರಣದಾರಿಗಳಲ್ಲಿ ಅವಾವಾಪುಹಿ ಬರೀ 5 ಕಿ.ಮೀ., ಕುಕುಯಿ 4 ಕಿ.ಮೀ. ಎಂದು ಓದಿದೆವು. ಒಂದೇ ದಿನ ಎರಡೂ ಮುಗಿಸಬಹುದೇ?
— ಓದುಗರು, ಹುಬ್ಬಳ್ಳಿ

ಆ ಅಂಕಿಗಳು ಒಂದು ಕಡೆಯವು, ಅದೂ ಇಳಿಯುವ ಕಡೆಯವು. ನಮ್ಮ ಬೆಟ್ಟಗಳಲ್ಲಿ ಬೆಳಗಿನ ಹೊಸ ಕಸುವಿನಲ್ಲಿ ಹತ್ತುತ್ತೇವೆ. ಆಗಲಿಲ್ಲವೆಂದರೆ ಕುಮಾರಪರ್ವತದ ನಡುದಾರಿಯ ಭಟ್ಟರ ಮನೆಯಿಂದಲೇ ತಿರುಗಿ ಇಳಿಯಬಹುದು. ಕವಾಯಿಯ ಕಮರಿದಾರಿಗಳಲ್ಲಿ ಲೆಕ್ಕ ತಲೆಕೆಳಗು. ಬೆಳಿಗ್ಗೆ ಹಾಡುತ್ತಾ ಇಳಿಯುತ್ತೀರಿ. ಸುಸ್ತಾಗಿದೆ ಎಂದು ಗೊತ್ತಾಗುವುದು ತಳದಲ್ಲಿ. ಹತ್ತುವುದು ಪೂರ್ತಿ ಬಾಕಿ, ಬಿಸಿಲು ನೆತ್ತಿಯ ಮೇಲೆ, ಬಾಟಲಿಯಲ್ಲಿ ಅರ್ಧ ನೀರು.

ಕುಕುಯಿ ದಾರಿ 4 ಕಿ.ಮೀ.ಯಲ್ಲಿ 600 ಮೀಟರ್ ಇಳಿದು ವೈಮೇಯ ನದಿಗೆ ಮುಟ್ಟುತ್ತದೆ. ಮೇಲಿನ ಅರ್ಧಕ್ಕೆ ನೆರಳಿಲ್ಲ. ಒಬ್ಬರಿಗೆ 3 ಲೀಟರ್ ನೀರು ಬೇಕು. ಇಳಿಯುವಾಗ ಒಂದು ಲೀಟರಿಗಿಂತ ಹೆಚ್ಚು ಮುಗಿಸಬೇಡಿ, ಎರಡು ಹತ್ತಲಿಕ್ಕೆ ಇರಲಿ. ಒಂದೂವರೆ ಗಂಟೆಯಲ್ಲಿ ಇಳಿದವರು ಹತ್ತಲು ಎರಡೂವರೆ ಗಂಟೆ ಇಟ್ಟುಕೊಳ್ಳಬೇಕು. ಬೋಳು ಕೆಂಪುಮಣ್ಣಿನ ಇಳಿಜಾರಿನಲ್ಲಿ ಕಾಳುಕಾಳಾದ ಪುಡಿ ಕೂತಿರುತ್ತದೆ, ರಾಗಿ ಚೆಲ್ಲಿದ ನೆಲದಲ್ಲಿ ನಡೆದ ಹಾಗೆ ಜಾರುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದವನ್ನು ತುಸು ಅಡ್ಡ ಇಟ್ಟು ಗಿಡ್ಡ ಹೆಜ್ಜೆಯಲ್ಲಿ ಇಳಿಯಿರಿ. ಹಿಮ್ಮಡಿ ಮೊದಲು ಊರಿದರೆ ಕುಳಿತುಬಿಡುತ್ತೀರಿ. ಈ ಕಮರಿಯಲ್ಲಿ ಕಾಡು ಮೇಕೆಗಳಿವೆ, ಅವುಗಳ ಬೇಟೆಗೆ ಅನುಮತಿಯೂ ಇದೆ. ವಾರಾಂತ್ಯದಲ್ಲಿ ಕಿತ್ತಳೆ ಅಥವಾ ಗಿಣಿಹಸಿರಿನಂಥ ಎದ್ದು ಕಾಣುವ ಅಂಗಿ ತೊಡಿ, ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ. ಇಳಿಯಲು ಮನಸ್ಸಿಲ್ಲದವರು ಮೇಲೇ ಇರುವ ಅರ್ಧ ಕಿ.ಮೀ. ಸುತ್ತುದಾರಿಯಲ್ಲಿ ಇಲಿಯಾವ್ ಗಿಡ ನೋಡಬಹುದು. ಪಶ್ಚಿಮ ಕವಾಯಿಯಲ್ಲಿ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. ಬಿದಿರಿನ ಹಾಗೆ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಒಣಗುವ ಜಾತಿ.

ಅವಾವಾಪುಹಿ ಇದಕ್ಕಿಂತ ತಂಪು, ಕಾಡಿನೊಳಗಿನ ದಾರಿ. 5 ಕಿ.ಮೀ.ಯಲ್ಲಿ 490 ಮೀಟರಿನಷ್ಟು ಇಳಿದು, ಸಮುದ್ರಕ್ಕಿಂತ 760 ಮೀಟರ್ ಮೇಲಿನ ಏಣಿನ ತುದಿಯಲ್ಲಿ ಮುಗಿಯುತ್ತದೆ. ಎಡಕ್ಕೂ ಬಲಕ್ಕೂ ಕೊರೆದ ಕಣಿವೆ, ಎದುರಿಗೆ ಕಡಲು. ಇಡೀ ದ್ವೀಪದಲ್ಲಿ ಒಂದೇ ದಾರಿ ನಡೆಯಲು ಸಮಯವಿದ್ದರೆ ನಾವು ಹೇಳುವುದು ಇದನ್ನೇ. ಪರವಾನಗಿ ಬೇಡ, ಹೊಳೆ ದಾಟುವುದಿಲ್ಲ, ಆರು ಗಂಟೆಯಲ್ಲಿ ಮುಗಿಯುತ್ತದೆ. ಕಲಲಾವ್ ಪರವಾನಗಿ ಸಿಗಲಿಲ್ಲವೆಂದು ಮರುಗುವವರು ಇಲ್ಲಿಗೆ ಬಂದರೆ ಮರುಕ ಮರೆಯುತ್ತಾರೆ. ಬೆಳಿಗ್ಗೆ 8ರೊಳಗೆ ಇಳಿಯಲು ಶುರುಮಾಡಿ, ಮಧ್ಯಾಹ್ನಕ್ಕೆ ಮೋಡ. ತುದಿಯಲ್ಲಿ ದಾರಿ ಮುಗಿದ ಮೇಲೂ ಏಣು ಕತ್ತಿಯ ಅಲಗಿನಂತೆ ಮುಂದುವರಿಯುತ್ತದೆ, ಜನ ನಡೆದ ಗುರುತೂ ಇರುತ್ತದೆ. ಅದು ಫೋಟೊಕ್ಕಾಗಿ ಹೋದವರ ಗುರುತು. ಆ ಮಣ್ಣು ಒಬ್ಬರ ಭಾರ ಇನ್ನೆಷ್ಟು ಸಲ ತಡೆಯುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ.

ಎರಡನ್ನೂ ಒಂದೇ ದಿನ ಮಾಡಿದರೆ ಒಟ್ಟು ಹತ್ತುವುದು 1,100 ಮೀಟರ್ ಸಮೀಪ. ನಿಮ್ಮ ಕಾಲಿಗೆ ಅದು ಅಸಾಧ್ಯವೇನಲ್ಲ. ಆದರೆ ಎರಡನೆಯದನ್ನು ಇಳಿಯುವುದೇ ಮಧ್ಯಾಹ್ನವಾಗುತ್ತದೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೇಡ.

ಪ್ರಶ್ನೆ: ಹನಕಾಪಿಯಾಯಿಯಲ್ಲಿ ಈಜಬೇಡಿ ಎಂದು ಎಲ್ಲ ಕಡೆ ಬರೆದಿದೆ. ನಾವು ಮಲ್ಪೆಯ ಅಲೆಯಲ್ಲಿ ಬೆಳೆದವರು. ಹೊಳೆ ದಾಟುವುದೂ ಅಷ್ಟು ಕಷ್ಟವೇ? ಡಿಸೆಂಬರ್ ರಜೆಯಲ್ಲಿ ಹೋಗುತ್ತಿದ್ದೇವೆ.
— ಓದುಗರು, ಉಡುಪಿ ಮೂಲದವರು, ಸಿಯಾಟಲ್

ಮಲ್ಪೆಯ ಅಭ್ಯಾಸವೇ ಇಲ್ಲಿ ಮೋಸ ಮಾಡುತ್ತದೆ. ಕರಾವಳಿಯ ಆಳವಿಲ್ಲದ ದಂಡೆಯಲ್ಲಿ ಅಲೆ ದೂರದಲ್ಲೇ ಮುರಿದು, ಕಸುವು ಕಳೆದುಕೊಂಡು ಕಾಲಿಗೆ ಬರುತ್ತದೆ. ಹನಕಾಪಿಯಾಯಿ ಎದುರಿಗೆ ತಡೆಯುವ ಹವಳದ ದಿಬ್ಬವಿಲ್ಲ. ತೆರೆದ ಸಾಗರದ ಅಲೆ ನೇರ ದಡದ ಮೇಲೇ ಮುರಿಯುತ್ತದೆ, ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ. ಸೆಳವಿಗೆ ಸಿಕ್ಕವರು ಅಡ್ಡಕ್ಕೆ ಈಜಿ ದಡ ಸೇರಬೇಕೆಂದು ನಿಮಗೆ ಗೊತ್ತು. ಇಲ್ಲಿ ಅಡ್ಡಕ್ಕೆ ದಡವೇ ಇಲ್ಲ, ಕಿಲೋಮೀಟರುಗಟ್ಟಲೆ ಕಲ್ಲಿನ ಗೋಡೆ. ಜೀವರಕ್ಷಕರಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅದರಲ್ಲೂ ನವೆಂಬರಿನಿಂದ ಮಾರ್ಚ್ ತನಕ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳ ಅಲೆ ಈ ತೀರಕ್ಕೇ ಬಡಿಯುತ್ತದೆ. ಎಷ್ಟೋ ವರ್ಷ ಚಳಿಗಾಲದಲ್ಲಿ ಮರಳು ಕೊಚ್ಚಿಹೋಗಿ ಬರೀ ಗುಂಡುಕಲ್ಲು ಉಳಿದಿರುತ್ತದೆ. ಮೊಣಕಾಲು ಮಟ್ಟದ ನೀರಿಗೂ ಇಳಿಯಬೇಡಿ. ಪ್ರಿನ್ಸ್‌ವಿಲ್ ಬಳಿಯ ಕ್ವೀನ್ಸ್ ಬಾತ್ ಎಂಬ ಬಂಡೆಗುಂಡಿಗೂ ಚಳಿಗಾಲದಲ್ಲಿ ಇದೇ ಮಾತು.

ಹೊಳೆಯದ್ದು ಬೇರೆ ಬಗೆಯ ಅಪಾಯ. ಹನಕಾಪಿಯಾಯಿ ಕಣಿವೆ ಚಿಕ್ಕದು, ಕಡಿದು. ಮೇಲೆ ಕಣಿವೆಯ ತಲೆಯಲ್ಲಿ ಮಳೆ ಹೊಯ್ದರೆ ನೀರು ನಿಲ್ಲಲು ಜಾಗವಿಲ್ಲದೆ ನೇರ ಇಳಿಯುತ್ತದೆ. ತೀರದಲ್ಲಿ ಬಿಸಿಲಿದ್ದಾಗಲೇ ಪಾದ ಮುಳುಗುವ ಹೊಳೆ ಕೆಲವೇ ನಿಮಿಷದಲ್ಲಿ ಸೊಂಟಕ್ಕೆ ಬರಬಹುದು. ಮುನ್ಸೂಚನೆ ಇರುತ್ತದೆ: ತಿಳಿನೀರು ಕಂದುಬಣ್ಣಕ್ಕೆ ತಿರುಗುವುದು, ಎಲೆ-ಕಡ್ಡಿ ತೇಲಿಬರುವುದು, ಹೊಳೆಯ ಸದ್ದು ದಪ್ಪಗಾಗುವುದು, ತಳದ ಕಲ್ಲುಗಳು ಒಂದಕ್ಕೊಂದು ಬಡಿಯುವ ಟಕಟಕ ಕೇಳುವುದು. ಇದರಲ್ಲಿ ಒಂದು ಕಂಡರೂ ದಾಟಬೇಡಿ. ಆಗಲೇ ನೀರಿನಲ್ಲಿದ್ದರೆ ಹತ್ತಿರದ ದಡಕ್ಕೆ ಬನ್ನಿ.

ನೀರು ಮೊಣಕಾಲಿಗಿಂತ ಕೆಳಗಿದ್ದು ತಳ ಕಾಣುತ್ತಿದ್ದರೆ ದಾಟುವ ಕ್ರಮ ಹೀಗೆ. ಹೊಳೆ ಅಗಲವಾಗಿ ಹರಡಿದ ಜಾಗ ಹುಡುಕಿ; ಕಿರಿದಾದ ಕಡೆ ದಾಟುವುದು ಸುಲಭವೆನಿಸಿದರೂ ಅಲ್ಲೇ ಆಳ, ಅಲ್ಲೇ ಸೆಳೆತ. ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಹೋಗಲಿ, ನೀವು ಉಳಿಯಿರಿ. ಬೂಟು ತೆಗೆಯಬೇಡಿ. ಹರಿವಿಗೆ ಎದುರಾಗಿ ಮುಖ ಮಾಡಿ ಕೋಲೂರಿ, ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯಿರಿ; ಎರಡು ಆಸರೆ ಗಟ್ಟಿಯಾದ ಮೇಲೆ ಮೂರನೆಯದನ್ನು ಎತ್ತಿ. ಹೊಳೆಯ ಅಡ್ಡ ಯಾರೋ ಕಟ್ಟಿದ ಹಗ್ಗವಿದ್ದರೆ ಅದನ್ನು ನಂಬಬೇಡಿ, ಅದು ಎಷ್ಟು ದಿನದ್ದು, ಹೇಗೆ ಕಟ್ಟಿದ್ದು ನಿಮಗೆ ತಿಳಿಯದು. ಹೊಳೆ ಸಮುದ್ರ ಸೇರುವ ಬಾಯಲ್ಲಂತೂ ದಾಟಬೇಡಿ.

ಆ ಕಡೆ ಸಿಕ್ಕಿಬಿದ್ದರೆ ಮಾಡಬೇಕಾದ್ದು ಕಾಯುವುದು. ಮಳೆ ನಿಂತ ಮೇಲೆ ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಬೇಗ ಏರಿದ್ದು ಬೇಗ ಇಳಿಯುವುದೂ ಹೌದು. ಬಸ್ಸು ತಪ್ಪುತ್ತದೆ, ರಾತ್ರಿಯ ವಿಮಾನ ತಪ್ಪುತ್ತದೆ ಎಂಬ ಅವಸರದಲ್ಲೇ ಜನ ನೀರಿಗಿಳಿಯುವುದು. ಹಾಗಾಗಿ ವಿಮಾನವಿರುವ ದಿನ ಈ ದಾರಿ ಇಟ್ಟುಕೊಳ್ಳಬೇಡಿ. ಒಂದು ದಿನದ ನಡಿಗೆಯಾದರೂ ಚೀಲದಲ್ಲಿ ತಲೆದೀಪ, ಮಳೆ ಅಂಗಿ, ಒಂದು ಹೊತ್ತಿನ ಹೆಚ್ಚುವರಿ ಬುತ್ತಿ ಇರಲಿ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿಲ್ಲದಿದ್ದರೆ ಹೊಳೆ ದಾಟದೆ, ಮೊದಲ ಒಂದು ಕಿ.ಮೀ. ಹತ್ತಿ ನಾ ಪಾಲಿಯ ಗೋಡೆಗಳ ಸಾಲು ನೋಡಿ ಹಿಂದಿರುಗಿ. ಆ ದಾರಿಯ ಅತಿ ಚಂದದ ನೋಟಗಳಲ್ಲಿ ಒಂದು ಅಲ್ಲೇ ಇದೆ.

ಪ್ರಶ್ನೆ: ಪೂರ್ತಿ ಕಲಲಾವ್ ನಡೆಯಬೇಕೆಂದಿದ್ದೇವೆ, ಇಬ್ಬರು, ಎರಡು ರಾತ್ರಿ. ಅಂಜಬೇಕಾದ ಜಾಗ ಯಾವುದು?
— ಓದುಗರು, ಆಸ್ಟಿನ್

ಒಂದು ಕಡೆಗೆ 17.7 ಕಿ.ಮೀ. ಹನಕಾಪಿಯಾಯಿ ದಾಟಿದ ಕೂಡಲೇ ಸುತ್ತುಸುತ್ತಾಗಿ 240 ಮೀಟರ್ ಏರು. ಅರ್ಧದಾರಿಯಾಚೆ, ಆರನೆಯ ಮೈಲಿಯಲ್ಲಿ ಹನಕೋವ ತಂಗುದಾಣ. ಎಲ್ಲರೂ ಹೆಸರು ಹೇಳಿ ಹೆದರಿಸುವ ಅಂಬೆಗಾಲು ಅಂಚು (ಕ್ರಾಲರ್ಸ್ ಲೆಡ್ಜ್) ಏಳನೆಯ ಮೈಲಿಯ ಹತ್ತಿರ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೂರು ಮೀಟರಿನಷ್ಟು ಕೆಳಗೆ ಕಡಲು. ಒಣಗಿದ್ದಾಗ ಅದು ಕಾಲಿಗೆ ಕಷ್ಟವಲ್ಲ, ತಲೆಗೆ ಕಷ್ಟ. ಗಾಳಿ-ಮಳೆಯಲ್ಲಿ ಎರಡಕ್ಕೂ. ಅಲ್ಲಿಗೆ ಬೆಳಿಗ್ಗೆ ಬರುವಂತೆ ನಡೆಯಿರಿ, ಚೀಲದ ಪಕ್ಕಕ್ಕೆ ಚಾಪೆ ಕಟ್ಟಬೇಡಿ. ಬಂಡೆಗೆ ತಗುಲಿ ನಿಮ್ಮನ್ನು ಹೊರಕ್ಕೆ ತಳ್ಳುತ್ತದೆ. ಎದುರಿನಿಂದ ಬರುವವರಿಗೆ ಗೋಡೆಯ ಬದಿ ಒತ್ತಿ ನಿಂತು ದಾರಿ ಬಿಡಿ. ಎರಡೇ ರಾತ್ರಿಯೆಂದರೆ ಹೋದ ಮರುದಿನವೇ ಮಳೆ ಬಂದರೆ ಆಟ ಮುಗಿಯಿತು. ಸಾಧ್ಯವಾದರೆ ಮೂರನೆಯ ರಾತ್ರಿಗೂ ಪರವಾನಗಿ ತೆಗೆದುಕೊಳ್ಳಿ. ದೋಣಿಯಲ್ಲಿ ಬಿಟ್ಟು ಕರೆತರುತ್ತೇವೆ ಎನ್ನುವವರನ್ನು ನೆಚ್ಚಬೇಡಿ, ಅದು ಕಾನೂನಿಗೆ ವಿರುದ್ಧ.

ಪ್ರಶ್ನೆ: ಝರಿಯ ನೀರು ಕನ್ನಡಿಯ ಹಾಗಿದೆ ಎನ್ನುತ್ತಾರೆ. ಫಿಲ್ಟರ್ ಇದ್ದರೆ ಕುಡಿಯಬಹುದೇ?
— ಓದುಗರು, ಶಿರಸಿ

ನಿಮ್ಮ ಕಡೆ ಗದ್ದೆ ಕೆಲಸದ ದಿನಗಳಲ್ಲಿ ಬರುವ ಇಲಿಜ್ವರವೇ ಇಲ್ಲೂ ಇದೆ. ಇಲಿ, ಕಾಡುಹಂದಿ, ಮೇಕೆಗಳ ಮೂತ್ರದಿಂದ ಲೆಪ್ಟೊಸ್ಪೈರ ಎಂಬ ರೋಗಾಣು ಹೊಳೆಗೆ ಸೇರುತ್ತದೆ, ನೀರು ಎಷ್ಟೇ ತಿಳಿಯಾಗಿರಲಿ. ಅದು ತೆಳ್ಳನೆಯ ಸುರುಳಿಯಾಕಾರದ ಜೀವಿ. ಸಾಮಾನ್ಯ ಚಾರಣದ ಫಿಲ್ಟರಿನ ರಂಧ್ರ 0.1ರಿಂದ 0.2 ಮೈಕ್ರಾನ್, ಅಷ್ಟರಲ್ಲೂ ನುಸುಳಬಲ್ಲದು. ಆದ್ದರಿಂದ ಒಂದು ನಿಮಿಷ ಚೆನ್ನಾಗಿ ಕುದಿಸಿ, ಇಲ್ಲವೇ ಸೋಸಿದ ಮೇಲೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಾಕಿ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಗಾಯದ ಮೂಲಕವೂ ಒಳಹೋಗುತ್ತದೆ. ತರಚಿದ ಕಾಲಲ್ಲಿ ಗುಂಡಿಯ ನೀರಿಗಿಳಿಯುವುದು ಬೇಡ. ಮರಳಿ ಬಂದು ಎರಡು ದಿನದಿಂದ ನಾಲ್ಕು ವಾರದೊಳಗೆ ಜ್ವರ, ಮೈಕೈ ನೋವು, ಅದರಲ್ಲೂ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಹೊಳೆ ದಾಟಿದ ವಿಷಯವನ್ನು ಮೊದಲು ಹೇಳಿ. ಹೇಳದಿದ್ದರೆ ಫ್ಲೂ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ: ಬೂಟು ಯಾವುದು? ನೀರು ನುಗ್ಗದ ದುಬಾರಿ ಬೂಟು ಕೊಳ್ಳಬೇಕೇ?
— ಓದುಗರು, ತೀರ್ಥಹಳ್ಳಿ

ಬೇಡ. ಹೊಳೆಯಲ್ಲಿ ನೀರು ಮೇಲಿನಿಂದಲೇ ತುಂಬುತ್ತದೆ, ಅಂಥ ಬೂಟಿನಿಂದ ಹೊರಗೂ ಹೋಗುವುದಿಲ್ಲ. ಜಾಲರಿ ಬಟ್ಟೆಯ, ನೀರು ಸೋರಿಹೋಗುವ, ಅಟ್ಟೆಯ ಹಲ್ಲು 4-5 ಮಿ.ಮೀ. ಆಳವಿರುವ ಬೂಟು ಸಾಕು. ಹಲ್ಲುಗಳ ನಡುವೆ ಅಂತರ ಅಗಲವಾಗಿರಲಿ. ಕವಾಯಿಯ ಕೆಂಪು ಜೇಡಿ ಬಹಳ ನಯ. ಒತ್ತೊತ್ತು ಹಲ್ಲಿನ ಅಟ್ಟೆಯಲ್ಲಿ ಹತ್ತೇ ಹೆಜ್ಜೆಗೆ ತುಂಬಿ ಬೂಟು ಒನಕೆಯಂತಾಗುತ್ತದೆ. ಹೊಸದನ್ನು ಅಲ್ಲೇ ಮೊದಲ ಸಲ ಹಾಕಬೇಡಿ. ಒದ್ದೆ ಬೇರಿನ ಮೇಲೆ ಕಾಲಿಡದೆ ದಾಟಿ. ಬಿಳಿ ಕಾಲುಚೀಲ ಮನೆಯಲ್ಲೇ ಇರಲಿ: ಕಬ್ಬಿಣದ ಅಂಶ ತುಕ್ಕಾಗಿ ಕೆಂಪಾದ ಮಣ್ಣದು, ಮಲೆನಾಡಿನವರಿಗೆ ಆ ಕಲೆಯ ಬಗ್ಗೆ ಹೇಳಬೇಕಿಲ್ಲ.

ದಾರಿಯ ಬಾಯಲ್ಲಿ ಬ್ರಷ್ ಮತ್ತು ಸಿಂಪಡಿಸುವ ಬಾಟಲಿ ಇಟ್ಟಿರುತ್ತಾರೆ. ಅಲಂಕಾರಕ್ಕಲ್ಲ. ಅಲ್ಲಿನ ಕಾಡಿನ ಮುಖ್ಯ ಮರ ಓಹಿಯ. ಅದನ್ನು ಬೇಗನೆ ಒಣಗಿಸಿ ಕೊಲ್ಲುವ ಶಿಲೀಂಧ್ರ ರೋಗ 2018ರಲ್ಲಿ ಕವಾಯಿಯಲ್ಲೂ ಕಾಣಿಸಿಕೊಂಡಿತು, ಮಣ್ಣಿನ ಜೊತೆ ಹರಡುತ್ತದೆ. ಮೊದಲು ಮಣ್ಣು ಪೂರ್ತಿ ಉಜ್ಜಿ ತೆಗೆದು, ಆಮೇಲೆ ಅಟ್ಟೆಗೆ 70 ಶೇಕಡಾ ಆಲ್ಕೋಹಾಲ್ ಸಿಂಪಡಿಸಬೇಕು. ಮಣ್ಣಿನ ಮೇಲೇ ಸಿಂಪಡಿಸಿದರೆ ಔಷಧಿ ಒಳಗೆ ತಲುಪುವುದಿಲ್ಲ. ಹೋಗುವಾಗಲೂ ಬರುವಾಗಲೂ ಮಾಡಿ.

ಪ್ರಶ್ನೆ: ಸ್ಟವ್, ಗ್ಯಾಸ್, ಊಟದ ವಿಷಯ ತಿಳಿಸಿ. ನಾವು ಸಸ್ಯಾಹಾರಿಗಳು.
— ಓದುಗರು, ರಾಜಾಜಿನಗರ, ಬೆಂಗಳೂರು

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ದೊಡ್ಡ ಚೀಲದಲ್ಲೂ ಇಲ್ಲ, ಕೈಚೀಲದಲ್ಲೂ ಇಲ್ಲ. ದ್ವೀಪದ ಅಂಗಡಿಯಲ್ಲೇ ಕೊಳ್ಳಿ. ತಿರುಪಿನ ಡಬ್ಬಿಗೆ ಹೊಂದುವ ಸ್ಟವ್ ಒಯ್ದರೆ ಹುಡುಕಾಟ ಕಡಿಮೆ. ಒಂದು ಲೀಟರ್ ಕುದಿಸಲು 12-15 ಗ್ರಾಂ ಗ್ಯಾಸ್ ಬೇಕೆಂದು ಇಟ್ಟುಕೊಳ್ಳಿ. ಇಬ್ಬರಿಗೆ ಎರಡು ಮೂರು ರಾತ್ರಿಗೆ 230 ಗ್ರಾಂ ಡಬ್ಬಿ ಸಾಕು, ಕುಡಿಯುವ ನೀರಿಗೆ ಮಾತ್ರೆ ಬಳಸಿದರೆ. ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ.

ದಿನದ ನಡಿಗೆಗೆ ಚಪಾತಿ-ಚಟ್ನಿಪುಡಿಯನ್ನು ಮೀರಿಸಿದ್ದಿಲ್ಲ. ಪುಳಿಯೋಗರೆಯೂ ಸಂಜೆಯವರೆಗೆ ಕೆಡದು. ಮೊಸರನ್ನ ಆ ಸೆಕೆಯಲ್ಲಿ ಹುಳಿಯಾಗುತ್ತದೆ. ಬೆವರಿನಲ್ಲಿ ಉಪ್ಪು ಹೋಗುವುದರಿಂದ ಕೋಡುಬಳೆ, ಉಪ್ಪು ಹಾಕಿದ ಕಡಲೆಕಾಯಿ ಒಳ್ಳೆಯದು. ಒಗ್ಗರಣೆ ಹಾಕಿದ ಒಣ ಅವಲಕ್ಕಿಗೆ ಬಿಸಿನೀರು ಸುರಿದರೆ ರಾತ್ರಿಯ ಊಟ. ಭಾರತದಿಂದ ಹೋಗುವವರು ಹಸಿ ಕರಿಬೇವು ಒಯ್ಯಬೇಡಿ, ನಿಂಬೆ ಜಾತಿಯ ಗಿಡಗಳ ಕೀಟ ಅದರಲ್ಲಿ ಬರುತ್ತದೆಂದು ಅಮೆರಿಕ ತಡೆದಿದೆ. ಮಿಕ್ಕ ತಿಂಡಿಯನ್ನು ಘೋಷಣಾ ಪತ್ರದಲ್ಲಿ ಮುಚ್ಚಿಡದೆ ಬರೆಯಿರಿ.

ಬೆಂಗಳೂರಿನವರಿಗೆಂದೇ ಒಂದು ಮಾತು. ವೈಲುವ ನದಿಯ ದಡದಲ್ಲಿರುವ ಇರೈವನ್ ಶಿವ ದೇಗುಲದ ಬಿಳಿ ಗ್ರಾನೈಟ್ ಕಲ್ಲುಗಳನ್ನು ಉಳಿ-ಸುತ್ತಿಗೆಯಿಂದ ಕೈಯಲ್ಲೇ ಕೆತ್ತಿದ್ದು ಬೆಂಗಳೂರಿನ ಬಳಿಯ ಅಂಗಳದಲ್ಲಿ. ಅಲ್ಲಿಂದ ಹಡಗಿನಲ್ಲಿ ಒಯ್ದು ಜೋಡಿಸಿದರು, ಕುಂಭಾಭಿಷೇಕ ನಡೆದದ್ದು 2023ರಲ್ಲಿ. ಕಾಲು ನೋಯುವ ದಿನ ಅಲ್ಲಿಗೆ ಹೋಗಿ, ಮೊದಲೇ ಕಾದಿರಿಸಬೇಕು.

ಪ್ರಶ್ನೆ: ಒಂದೇ ಪುಟ್ಟ ದ್ವೀಪದಲ್ಲಿ ಒಂದು ಕಡೆ ಕೆಸರು, ಇನ್ನೊಂದು ಕಡೆ ಧೂಳು ಏಕೆ?
— ಓದುಗರು, ಧಾರವಾಡ

ನಿಮ್ಮ ಊರಿನಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡು, ಪೂರ್ವಕ್ಕೆ ಹೋದರೆ ಬಯಲುಸೀಮೆ. ಅದೇ ಲೆಕ್ಕ, ದಿಕ್ಕು ಮಾತ್ರ ಅದಲುಬದಲು. ಅಲ್ಲಿ ಗಾಳಿ ಬಹುಪಾಲು ಈಶಾನ್ಯದಿಂದ ಬೀಸುತ್ತದೆ. ನಡುವಿನ ವೈಯಲೇಯಲೇ ಬೆಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ಮಳೆ ಸುರಿಸುತ್ತದೆ, ವರ್ಷಕ್ಕೆ ಸುಮಾರು ಹತ್ತು ಸಾವಿರ ಮಿ.ಮೀ. ಅಲ್ಲಿಂದ 25 ಕಿ.ಮೀ. ದೂರದ ಕೇಕಹಕ್ಕೆ ಬರುವಷ್ಟರಲ್ಲಿ ಗಾಳಿಯ ಜೋಳಿಗೆ ಖಾಲಿ, ವರ್ಷಕ್ಕೆ ಐದಾರು ನೂರು ಮಿ.ಮೀ. ಸಿಕ್ಕರೆ ಹೆಚ್ಚು. ಬೆಟ್ಟದ ಆ ಮಳೆಯೇ ವೈಮೇಯ ನದಿಯಾಗಿ ಇಳಿದು, ಒಣ ಸೀಮೆಯ ಲಾವಾ ಪದರಗಳನ್ನು ಕೊರೆದು ಕಮರಿ ಮಾಡಿದೆ. ವೈಮೇಯ ಎಂದರೆ ಕೆನ್ನೀರು. ನಡೆಯುವವರಿಗೆ ಇದರ ಉಪಯೋಗ ಇಷ್ಟು: ಉತ್ತರದಲ್ಲಿ ಮಳೆ ಹಿಡಿದರೆ ಕೋಣೆಯಲ್ಲಿ ಕೂರಬೇಡಿ, ಕಾರು ಹತ್ತಿ ಪೋಯಿಪು ಅಥವಾ ವೈಮೇಯದ ಕಡೆ ಹೋಗಿ. ಅಲ್ಲಿ ಬಿಸಿಲಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಡ್ರೋನ್ ಹಾರಿಸಬಹುದೇ?
— ಓದುಗರು, ಮಂಗಳೂರು

ರಾಜ್ಯ ಉದ್ಯಾನಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಇಲ್ಲ. ಕಮರಿ ಮತ್ತು ನಾ ಪಾಲಿಯ ಮೇಲೆ ಪ್ರವಾಸಿ ಹೆಲಿಕಾಪ್ಟರುಗಳು ತಗ್ಗಿನಲ್ಲೇ ಓಡಾಡುತ್ತವೆ.

ಪ್ರಶ್ನೆ: ಎಲ್ಲ ನೋಟತಾಣದಲ್ಲೂ ಕೋಳಿಗಳೇ ಕೋಳಿಗಳು! ಯಾರವು?
— ಎಂಟನೆಯ ತರಗತಿಯ ಓದುಗ, ಫ್ರೀಮಾಂಟ್

ಯಾರವೂ ಅಲ್ಲ. ಪಾಲಿನೇಷ್ಯದಿಂದ ಬಂದ ಮೊದಲ ನೆಲೆಗಾರರು ತಂದ ಕಾಡುಕೋಳಿಯ ವಂಶ, ಆಮೇಲೆ ಬಂದ ಸಾಕುಕೋಳಿಗಳೂ ಬೆರೆತಿವೆ. 1992ರ ಸೆಪ್ಟೆಂಬರಿನ ಇನಿಕಿ ಚಂಡಮಾರುತದಲ್ಲಿ ಗೂಡುಗಳು ಮುರಿದು ಬಹಳಷ್ಟು ತಪ್ಪಿಸಿಕೊಂಡವು ಎನ್ನುತ್ತಾರೆ. ಬೇರೆ ದೊಡ್ಡ ದ್ವೀಪಗಳಲ್ಲಿ ಮೊಟ್ಟೆ ಕದಿಯುವ ಮುಂಗುಸಿ ನೆಲೆಯೂರಿದೆ, ಕವಾಯಿಯಲ್ಲಿ ಊರಿಲ್ಲ. ಅದಕ್ಕೇ ಇಷ್ಟು ಸಂಖ್ಯೆ. ತಿಂಡಿ ಹಾಕಬೇಡ. ಚೀಲದ ಜಿಪ್ ಹಾಕಿಡು, ನೀನು ಕಮರಿ ನೋಡುತ್ತಿರುವಾಗ ಅವು ನಿನ್ನ ಚಪಾತಿ ನೋಡುತ್ತಿರುತ್ತವೆ.